ಅಮ್ಮಚ್ಚಿಯ ಪಕ್ಕದ ಕುರ್ಚಿ

ಇಚ್ಚಾಯಾ,

ನಿಮ್ಮ ಅಮ್ಮಚ್ಚಿಯನ್ನು ಆಸ್ಪತ್ರೆಯಿಂದ ಕರಕೊಂಡು ಬಂದು ಮಲಗಿಸಿದ್ದೀನಿ. ನನಗೆ ರಾತ್ರಿ ಪಾಳಿ, ಹೊರಟೆ.

ಜಾರಿದ ಸೊಂಟದ ಕೀಲನ್ನು ಈ ಸಲವೂ ಅರಿವಳಿಕೆ ಕೊಟ್ಟು, ಎಳೆದೇ ಕೂರಿಸಿದರು. ಇನ್ನೊಂದು ಆಪರೇಷನ್ ಅವರ ಹೃದಯ ತಡೆಯೋದಿಲ್ಲವಂತೆ. ಸೊಂಟದ ಪಟ್ಟಿ ಬಿಚ್ಚು ಅಂತ ಗೋಗರೆದರೂ ಬಿಚ್ಚಬೇಡಿ. ಕಾಲುಗಳ ನಡುವೆ ದಿಂಬು ಇರಲಿ. ಗಂಜಿ ಒಲೆ ಮೇಲಿದೆ, ಮೀನು ನಿಮಗೆ.

ಸಂಜೆ ಪ್ರಾರ್ಥನೆಗೆ ಎತ್ತರದ ಕುರ್ಚಿಯಲ್ಲೇ ಕೂರಿಸಿ. ಎರಡು ಸಲವೂ ಜಾರಿದ್ದು ಮೊಣಕಾಲೂರಲು ಹೋಗಿಯೇ. ಕೇಳಿದರೆ, "ಮಗ ನೆಲದ ಮೇಲೆ ಮೊಣಕಾಲೂರಿರೋವಾಗ ನಾನೇನು ರಾಣಿ ಹಂಗೆ ಕುರ್ಚೀಲಿ ಕೂರ್ಲಾ?" ಅಂತಾರೆ. ಬೈದು ಬೈದು ಸೊಸೆಯಾದ ನನಗೂ ಸಾಕಾಯಿತು.

ಅದಕ್ಕೇ ಪಕ್ಕದಲ್ಲಿ ನಿಮಗೂ ಒಂದು ಕುರ್ಚಿ ಹಾಕಿದ್ದೀನಿ. ಇವತ್ತಿಂದ ನೀವೂ ಮೊಣಕಾಲೂರಬೇಡಿ. ದೇವರು ಕೇಳಿದರೆ ನನ್ನ ಹೆಸರು ಹೇಳಿ.

ಏಲಿಕುಟ್ಟಿ