ಎರಡು ಪಾಲಾದ ಮಾತ್ರೆ

ಭೇಲೂಪುರ, ವಾರಾಣಸಿ
೧೨ ನವೆಂಬರ್ ೧೯೭೪

ಹನುಮಾನ್ ಘಾಟಿನ ನಂಜಮ್ಮನವರಿಗೆ, ಆಸ್ಪತ್ರೆಯಲ್ಲಿ ಔಷಧಿ ಕೊಡುವ ವಾಮನನ ನಮಸ್ಕಾರಗಳು.

ನಿನ್ನೆಯಿಂದ ಕುಳಿತಲ್ಲಿ ಕೂರಲಾಗುತ್ತಿಲ್ಲ. ಮಾತ್ರೆ ಕೊಟ್ಟರೆ ಸಾಲದು, ರೋಗಿ ಅದನ್ನು ಹೇಗೆ ನುಂಗುತ್ತಾರೆಂದು ಕೇಳಬೇಕು ಎಂದು ಲಖನೌದ ತರಬೇತಿಯಲ್ಲಿ ಕಲಿಸಿದ್ದರು. ಅದಕ್ಕೇ ನಿನ್ನೆ ಕಿಟಕಿಯಲ್ಲಿ ನಿಮ್ಮನ್ನು ಕೇಳಿದೆ. "ಅರ್ಧ ಗೋಲಿ ನನಗೆ, ಅರ್ಧ ಕಾಳಮ್ಮನಿಗೆ. ಪಕ್ಕದಲ್ಲಿ ಕೆಮ್ಮೋಳನ್ನ ಬಿಟ್ಟು ಒಬ್ಬಳೇ ತಿಂದ್ರೆ ಕಾಶೀಲಿದ್ದೂ ಪಾಪ ಕಣಯ್ಯ" ಎಂದು ನಕ್ಕಿರಿ. ನಿಮ್ಮ ಹಿಂದೆ ಸಾಲಿತ್ತು. ಅವಸರದಲ್ಲಿ ನಾನು ಈ ತಿಂಗಳ ಪೊಟ್ಟಣವನ್ನೂ ಕೊಟ್ಟುಬಿಟ್ಟೆ.

ಎಂಟು ತಿಂಗಳಿಂದ ನೀವು ಸರಿಯಾಗಿ ತೆಗೆದುಕೊಳ್ಳುತ್ತಿದ್ದೀರಿ ಎಂದು ಡಾಕ್ಟರಿಗೆ ಹೇಳಿದವನು ನಾನೇ. ಕ್ಷಯಕ್ಕೆ ಅರ್ಧ ಮಾತ್ರೆ ಸಾಲದು. ರೋಗ ಅದಕ್ಕೆ ಪಳಗಿಬಿಡುತ್ತದೆ. ಆಮೇಲೆ ಪೂರ್ತಿ ಕೊಟ್ಟರೂ ಬಗ್ಗುವುದಿಲ್ಲ. ಇಬ್ಬರಿಗೂ.

ನಾನೇ ಬರಬಹುದಿತ್ತು. ಆಸ್ಪತ್ರೆಯವನು ಬಾಗಿಲಿಗೆ ಬಂದನೆಂದರೆ ನೀವಿರುವ ಛತ್ರದವರು ರೋಗ ತಿಳಿದು ನಿಮ್ಮನ್ನು ಹೊರಗೆ ಹಾಕಿಯಾರೆಂದು ಬರಲಿಲ್ಲ. ಲಕೋಟೆಯ ಮೇಲೂ ಆಸ್ಪತ್ರೆಯ ಮುದ್ರೆ ಒತ್ತಿಲ್ಲ.

ನಿಮಗೆ ಓದು ಬಾರದು. ಇದನ್ನು ಓದಿ ಹೇಳುತ್ತಿರುವವರು ಕಾಳಮ್ಮನವರೇ ಎಂದು ಬಲ್ಲೆ. ಕಾಳಮ್ಮನವರೇ, ಇಲ್ಲಿಗೆ ನಿಲ್ಲಿಸಬೇಡಿ, ಮುಂದಿನದನ್ನೂ ಗಟ್ಟಿಯಾಗಿ ಓದಿ. ಶುಕ್ರವಾರ ಬೆಳಿಗ್ಗೆ ಇಬ್ಬರೂ ಬನ್ನಿ. ನಿಮ್ಮ ಕಫದ ಪರೀಕ್ಷೆಯಾಗಬೇಕು, ನಿಮ್ಮ ಹೆಸರಿಗೇ ಬೇರೆ ಪೊಟ್ಟಣವಾಗಬೇಕು. ಅಲ್ಲಿಯವರೆಗೆ ನಂಜಮ್ಮನವರು ಅರ್ಧ ಮುರಿದು ಕೊಟ್ಟರೆ ಕೈ ಚಾಚಬೇಡಿ. ಅವರು ಬೈದಾರು. ಬೈಸಿಕೊಳ್ಳಿ.

ಕಿಟಕಿಯಲ್ಲಿ ಕಾದಿರುವ,
ವಾಮನ ರಾವ್