ಸೊಸೆಯ ಫೋಟೋದಲ್ಲಿ ಅತ್ತೆಯ ಹೆಬ್ಬೆರಳು

ಜೂನ್ ೧೧, ಮಂಗಳವಾರ

ಆ ಹೆಬ್ಬೆರಳು ಇನ್ನೂ ಕಣ್ಣ ಮುಂದಿನಿಂದ ಹೋಗಿಲ್ಲ. ದೂರದ ಚಿಕಿತ್ಸಾಲಯದಿಂದ ನರ್ಸ್ ಕಳಿಸಿದ್ದು ಒಬ್ಬ ಹೆಂಗಸಿನ ಬೆನ್ನಿನ ಫೋಟೋ. ಬರೀ ಹುಳುಕಡ್ಡಿ, ಮುಲಾಮು ಬರೆದು ಮುಗಿಸಬಹುದಿತ್ತು. ಆದರೆ ಅಂಚಿನಲ್ಲಿ ಬಟ್ಟೆ ಎತ್ತಿ ಹಿಡಿದಿದ್ದ ಬೇರೊಂದು ಕೈ. ಅದರ ಹೆಬ್ಬೆರಳ ಉಗುರಿನುದ್ದಕ್ಕೂ ಕಪ್ಪು ಪಟ್ಟೆ. ದೊಡ್ಡದು ಮಾಡಿ ನೋಡಿದೆ. ಕಪ್ಪು ಉಗುರು ದಾಟಿ ಚರ್ಮಕ್ಕೂ ಹರಡಿತ್ತು. ಕೂಡಲೇ ನರ್ಸ್‌ಗೆ ಫೋನ್ ಮಾಡಿದೆ.

"ಆ ಕೈ ಅವರತ್ತೇದು ಡಾಕ್ಟ್ರೇ. ಇಬ್ರೂ ಈಗಷ್ಟೇ ಹೊರಟ್ರು."

"ಹೇಗಾದ್ರೂ ತಡೀರಿ. ಕ್ಯಾನ್ಸರ್ ಇರಬಹುದು. ಅವರ ಹತ್ರ ಮಾತ್ರ ಹೇಳ್ಬೇಡಿ."

ಫೋನ್ ಹಿಡಿದೇ ಆಕೆ ಓಡಿದಳು. ಏದುಸಿರು, ಬಸ್ಸಿನ ಹಾರನ್ ಕೇಳಿಸುತ್ತಿತ್ತು. ಕೊನೆಗೆ ಅತ್ತೆಯ ದನಿಯೇ ಬಂತು.

"ನಂಗೇನಾಗಿದೆ ತಾಯಿ? ಈ ಉಗುರು ಬಾಗಿಲಿಗೆ ಸಿಕ್ಕಿರಬೇಕು ಅಂತ ಬಿಟ್ಟಿದ್ದೆ. ಮೊದಲು ಇವಳ ಕೆರೆತಕ್ಕೆ ಏನಾದ್ರೂ ಕೊಡಿ. ಪಾಪ, ನಿದ್ದೇನೇ ಮಾಡಲ್ಲ."

"ಅವರಿಗೂ ಕೊಡ್ತೀನಮ್ಮ. ನಾಳೆ ನೀವು ನನ್ನ ಹತ್ರ ಬರ್ಬೇಕು."

ಸೊಸೆ ಫೋನ್ ತೆಗೆದುಕೊಂಡು, "ನಾನೇ ಕರ್ಕೊಂಡು ಬರ್ತೀನಿ" ಎಂದಳು. ಯಾಕೆಂದು ಕೇಳಲಿಲ್ಲ. ಅವಳಿಗೆ ಅರ್ಥವಾಗಿತ್ತು.

ನಾಳೆ ಉಗುರಿನಡಿಯಿಂದ ಚೂರು ತೆಗೆದು ಪರೀಕ್ಷೆಗೆ ಕಳಿಸಬೇಕು. ನನ್ನ ಊಹೆ ಸುಳ್ಳಾಗಲಿ. ನಿಜವಾದರೆ, ಬೆರಳು ಹೋದರೂ ಜೀವ ಉಳಿದೀತು. ಆದರೆ ಸೊಸೆಯ ಕೆರೆತಕ್ಕೆ ಔಷಧಿ ಕೊಡಿಸಲು ಬಂದ ಆ ಹೆಂಗಸಿಗೆ ಇದನ್ನು ಯಾವ ಬಾಯಿಂದ ಹೇಳಲಿ…