ಈ ಡಾಕ್ಟರ ಹತ್ತಿರ ಮತ್ತೆ ಬರುತ್ತೀರಾ?

ನವೆಂಬರ್ 3, ಸೋಮವಾರ

ಬೆಳಿಗ್ಗೆಯಿಂದ ಐದು ಸಲ ಹೊಟ್ಟೆನೋವು ತಂದುಕೊಂಡೆ. ಐದನೆಯದು ಚೆನ್ನಾಗಿ ಬಂತು — ಆ ಹೊತ್ತಿಗೆ ನಿಜವಾಗಿಯೂ ಹಸಿದಿದ್ದೆ.

ಕೆಲಸ ಇಷ್ಟೇ. ಸೊಲ್ಲಾಪುರದ ಈ ಮೆಡಿಕಲ್ ಕಾಲೇಜಿನಲ್ಲಿ ಪೇಶಂಟ್ ಆಗುವುದು. ಸುಳ್ಳು ಪೇಶಂಟ್. ನೀಲಗಂಗಾ ಮೇಡಂ ಒಂದು ರೋಗ ಹೇಳಿಕೊಡುತ್ತಾರೆ. ಕೊನೆಯ ವರ್ಷದ ಹುಡುಗರು ಒಬ್ಬೊಬ್ಬರಾಗಿ ಬಂದು, ಕೇಳಿ, ಕಂಡುಹಿಡಿಯಬೇಕು. ಕನ್ನಡದಲ್ಲೇ ಕೇಳಬೇಕು. ಅಕ್ಕಲಕೋಟೆ ಕಡೆಯ ಮುದುಕಿಯರು ಮರಾಠಿಗೆ ಬರೀ ತಲೆ ಆಡಿಸುತ್ತಾರೆ, ಅದನ್ನು ನಂಬಿ ಔಷಧ ಕೊಡಬಾರದು ಎನ್ನುತ್ತಾರೆ ಮೇಡಂ. ಮುಗಿದ ಮೇಲೆ ಪೇಶಂಟ್ ಕೈಗೆ ಒಂದು ಕಾರ್ಡ್. ಅದರಲ್ಲಿ ಒಂದೇ ಪ್ರಶ್ನೆ: ಈ ಡಾಕ್ಟರ ಹತ್ತಿರ ಮತ್ತೆ ಬರುತ್ತೀರಾ? ಹೌದು, ಇಲ್ಲ, ಯಾಕೆ. ಅದಕ್ಕೆ ಪರೀಕ್ಷೆಯಲ್ಲಿ ಮಾರ್ಕ್ಸ್ ಇದೆಯಂತೆ. ಅಂತೆ.

ಚಪಳಗಾಂವದ ಸೋಮವ್ವನೂ ಇದೇ ಕೆಲಸಕ್ಕೆ ಬರುತ್ತಾಳೆ. ಆಕೆಯದು ಎಲ್ಲರಿಗೂ ಹೌದು. ಎಡಗಾಲು ನೋವು ಅಂದರೆ ಬಲಗಾಲು ಒತ್ತಿ ನೋಡಿದವನಿಗೂ ಹೌದು. ಯಾಕವ್ವಾ ಅಂದರೆ, “ಪಾಪ, ಯಾರ ಮನಿ ಮಗನೋ. ಮಾರಿ ಮುಂದ ಇಲ್ಲ ಅಂತ ಹೆಂಗ ಅನ್ನೂದು?”

ನಾನು ಓಂಕಾರ ಅನ್ನುವವನಿಗೆ ಇಲ್ಲ ಹಾಕಿದೆ. ನಾಸಿಕದ ಹುಡುಗ, ಬಾಯಿಪಾಠದ ಕನ್ನಡ. ಯಾಕೆ ಎಂಬಲ್ಲಿ ಬರೆದೆ — ಮಾತು ನನ್ನ ಜೊತೆ, ಕಣ್ಣು ಗೋಡೆ ಗಡಿಯಾರದ ಜೊತೆ. ನನ್ನ ಮುಖ ನೋಡಲೇ ಇಲ್ಲ.

ನವೆಂಬರ್ 5

ಕಾರ್ಡುಗಳು ಎಲ್ಲಿಗೆ ಹೋಗುತ್ತವೆ? ಮೇಡಂ ಅವನ್ನು ಚೀಲಕ್ಕೆ ಹಾಕಿಕೊಳ್ಳುವುದು ಮಾತ್ರ ನೋಡಿದ್ದೇನೆ. ಕೇಳಿದೆ. ಎಲ್ಲ ಲೆಕ್ಕಕ್ಕೆ ಹಿಡಿಯುತ್ತೇವೆ ಅಂದರು. ನಗುತ್ತಾ ಅಂದರು. ನಗು ಬೇಕಿರಲಿಲ್ಲ.

ನಾನು ಉಳಿದುಕೊಂಡಿರುವ ಕಾಕಾನ ಮನೆಯಲ್ಲಿ ಊಟದ ಹೊತ್ತಿಗೆ ಅವನ ಹೆಂಡತಿ ಶಾರದಾಕಾಕು ಶುರು ಮಾಡಿದಳು. “ಹತ್ತನೇ ಕ್ಲಾಸ್ ಪಾಸಾಗದಾಕಿ ಡಾಕ್ಟರಿಗೆ ಮಾರ್ಕ್ಸ್ ಹಾಕಾಕ ಹೊಂಟಾಳ. ನಾಳಿ ಕಲೆಕ್ಟರಗೂ ಹಾಕ್ತಾಳ ನೋಡ್ರಿ.”

ಪಾಸಾಗದವಳಲ್ಲ, ಎದ್ದು ಬಂದವಳು. ಗಣಿತದ ದಿನ ಮೇಲ್ವಿಚಾರಕರೇ ಬೋರ್ಡ್ ಮೇಲೆ ಉತ್ತರ ಬರೆದರು. ಎಲ್ಲರೂ ತಲೆ ತಗ್ಗಿಸಿ ಇಳಿಸಿಕೊಂಡರು. ಖಾಲಿ ಪೇಪರ್ ಕೊಟ್ಟು ಹೊರಗೆ ಬಂದೆ. ಮತ್ತೆ ಪರೀಕ್ಷೆ ಕಟ್ಟಲಿಲ್ಲ. ಆಮೇಲೆ ಕಾಕಾನ ಚಾದರ್ ಅಂಗಡಿ, ಪಾರ್ಲರ್, ಪ್ಯಾಕಿಂಗ್... ಎಲ್ಲೂ ನಿಲ್ಲಲಿಲ್ಲ. ಎಲ್ಲಿ ಹೋದರೂ ಯಾರೋ ಮೊದಲೇ ಬೋರ್ಡ್ ಮೇಲೆ ಬರೆದಿಟ್ಟ ಹಾಗೆಯೇ ಅನಿಸುತ್ತದೆ.

ನವೆಂಬರ್ 21

ಈಗ ಗೊತ್ತಾಯಿತು, ನಾವು ಪೇಶಂಟ್ ಆಗಿ ಕೂರುವ ಕೋಣೆಗೆ ಹೊಸ ಪರದೆ ಯಾಕೆ ಬಂತು ಅಂತ. ಡಾಕ್ಟರರಾಗುವವರಿಗೆ ಹೊಸ ರೀತಿಯಲ್ಲಿ ಕಲಿಸುವ ಶಿಕ್ಷಕರಿಗೆ ಒಂದು ಪ್ರಶಸ್ತಿ ಇದೆಯಂತೆ. ಕೊನೆಯ ಸುತ್ತಿನಲ್ಲಿ ಮೇಡಂ ಹೆಸರಿದೆ. ಕಮಿಟಿ ಬಂದು ಕಣ್ಣಾರೆ ನೋಡುತ್ತದೆ. ಪ್ರಶಸ್ತಿ ಬಂದರೆ ಪೇಶಂಟ್ ಮಾರ್ಕ್ಸ್ ಉಳಿಯುತ್ತದೆ, ಇಲ್ಲವಾದರೆ ಮುಂದಿನ ವರ್ಷದಿಂದ ಬಂದ್ ಅಂತ ಡೀನ್ ಸರ್ ಹೇಳಿಬಿಟ್ಟಿದ್ದಾರೆ. ಆ ದಿನ ಹೌದು ಅನ್ನುವವರನ್ನು ಮಾತ್ರ ಕೂರಿಸಿ ಅಂತಲೂ ಹೇಳಿದರಂತೆ.

ಮೇಡಂ ನನ್ನ ಹೆಸರು ಕೊಟ್ಟಿದ್ದಾರೆ.

ಯಾಕೆ? ಇಲ್ಲ ಅನ್ನುವವಳ ಬಾಯಿಂದ ಹೌದು ಬಂದರೆ ತೂಕ ಜಾಸ್ತಿ. ಅದಕ್ಕೇ ಇರಬೇಕು. ಹಾಗಾದರೆ ಆ ಹೌದು ಬರುವ ಹಾಗೂ ಮಾಡುತ್ತಾರೆ. ನೋಡಿಕೊಳ್ಳಬೇಕು.

ಡಿಸೆಂಬರ್ 8, ಸಂಜೆ

ಹೊಸ ಕೇಸ್. ಮೇಡಂ ಬಾಗಿಲು ಹಾಕಿ ಹೇಳಿದರು. ನಾನು ಬಿಪಿ ಪೇಶಂಟ್. ಗುಳಿಗೆ ತಗೊಂಡರೂ ಬಿಪಿ ಇಳಿಯುತ್ತಿಲ್ಲ, ತಲೆ ತಿರುಗುತ್ತದೆ. ಒಳಗಿನ ಗುಟ್ಟು: ಗುಳಿಗೆಯನ್ನು ಎರಡು ತುಂಡು ಮಾಡಿ ಅರ್ಧ ನನಗೆ, ಅರ್ಧ ಅತ್ತೆಗೆ. ಕೇಳದಿದ್ದರೆ ಹೇಳಬಾರದು. ಕೇಳದೆ ಗುಳಿಗೆಯ ಡೋಸ್ ಜೋರು ಮಾಡಿದ ಹುಡುಗ ಸೋತ.

ಇದು ನಮ್ಮಿಬ್ಬರಿಗೇ ಗೊತ್ತು ಅಂದರು. ಯಾವ ಹುಡುಗ ಬರುತ್ತಾನೆ ಅಂತ ಕೇಳಿದೆ. ಚೀಟಿ ಎತ್ತುತ್ತೇವೆ ಅಂದರು. ಚೀಟಿ ಮಡಚುವವರು ಯಾರು — ಅದನ್ನು ಕೇಳಲಿಲ್ಲ.

ಡಿಸೆಂಬರ್ 9

ಬರೆದುಬಿಡುತ್ತೇನೆ, ಇಲ್ಲವಾದರೆ ನಾಳೆ ಬೇರೆಯಾಗಿ ನೆನಪಾಗುತ್ತದೆ.

ಕಮಿಟಿಯ ಮೂವರು ಗೋಡೆ ಪಕ್ಕ ಕೂತಿದ್ದರು. ಮೊದಲು ಆಕಾಶ ಎಂಬ ಹುಡುಗ. ನಯವಾಗಿ ಮಾತಾಡಿದ, ಗುಳಿಗೆ ಜೋರು ಮಾಡಿದ, ಹೋದ. ಎರಡನೆಯ ಚೀಟಿ ಓಂಕಾರ.

ಬಂದ. ಕುರ್ಚಿ ಹತ್ತಿರ ಎಳೆದುಕೊಂಡ. ಗಡಿಯಾರದ ಕಡೆ ತಿರುಗಲಿಲ್ಲ. ಹೆಸರು ಕೇಳಿದ, ಊರು ಕೇಳಿದ. ಆಮೇಲೆ ನೇರ ಇದೇ — “ಗುಳಿಗಿ ನೀವೊಬ್ಬರ ತಗೋತೀರೇನ್ರಿ, ಮನ್ಯಾಗ ಮತ್ಯಾರಿಗರೆ ಅರ್ಧ ಕೊಡ್ತೀರೇನು?”

ಒಂದು ತಿಂಗಳ ಹಿಂದೆ ಪುಸ್ತಕದ ಕನ್ನಡ ತಡವರಿಸುತ್ತಿದ್ದವನು. ಈಗ ಅಕ್ಕಲಕೋಟೆ ಕಡೆಯ ನಮ್ಮೂರು ಹನ್ನೂರಿನ ಮಾತು. ಅದೂ ಅರ್ಧ ಅಂತ ಅಷ್ಟು ಸರಿಯಾಗಿ. ಹೇಳಿಕೊಡದೆ ಯಾರು ಕೇಳುತ್ತಾರೆ ಇದನ್ನು? ಗೊತ್ತಿದ್ದವರು ಇಬ್ಬರು. ನಾನು ಹೇಳಿಲ್ಲ.

ಮುಂದೆ ಎಲ್ಲ ಚೆನ್ನಾಗಿಯೇ ಮಾಡಿದ. ಅತ್ತೆಯನ್ನೂ ಕರೆದುಕೊಂಡು ಬನ್ನಿ ಅಂದ. ಕಮಿಟಿಯ ಹಿರಿಯರು ಖುಷಿಯಾಗಿದ್ದರು. ಮರಾಠಿಯಲ್ಲಿ ನನ್ನನ್ನು ಕೇಳಿದರು, ಮತ್ತೆ ಬರುತ್ತೀಯಾ ಈ ಡಾಕ್ಟರ ಹತ್ತಿರ? ಇಲ್ಲ ಅಂದೆ. ಯಾಕೆ? ಇವನಿಗೆ ಮೊದಲೇ ಗೊತ್ತಿತ್ತು, ಯಾರೋ ಹೇಳಿದ್ದಾರೆ ಅಂದೆ.

ಓಂಕಾರ ಏನೋ ಹೇಳಲು ಬಾಯಿ ತೆರೆದ. ಮೇಡಂ ಕೈ ಎತ್ತಿ ತಡೆದರು. ಪೇಶಂಟ್ ಹೇಳಿದ್ದನ್ನು ಹೇಳಿದ ಹಾಗೆಯೇ ಬರೆದುಕೊಳ್ಳಿ ಅಂದರು ಕಮಿಟಿಗೆ. ಮೇಡಂ ಮುಖ ಬಿಳಿಚಿತ್ತು. ಸಿಕ್ಕಿಬಿದ್ದವರ ಮುಖ ಹಾಗೇ ಇರುತ್ತದೆ.

ನಾನು ನಡೆದುಕೊಂಡೇ ಮನೆಗೆ ಬಂದೆ.

ಡಿಸೆಂಬರ್ 13

ಯಾರೂ ಕರೆದಿಲ್ಲ. ಇವತ್ತು ಸೋಮವ್ವನ ಫೋನ್. ಹತ್ತೊಂಬತ್ತಕ್ಕೆ ಓಂಕಾರನ ವಿಚಾರಣೆಯಂತೆ. ತಪ್ಪು ಮಾಡಿದ್ದು ಖರೆ ಅಂತಾದರೆ ಈ ವರ್ಷ ಪರೀಕ್ಷೆಗೆ ಕೂರಿಸುವುದಿಲ್ಲ. ಕಮಿಟಿಯೂ ಅಲ್ಲಿಯವರೆಗೆ ತೀರ್ಮಾನ ನಿಲ್ಲಿಸಿದೆ. ಹುಡುಗ ಹೇಳುತ್ತಿರುವುದು ಒಂದೇ ಮಾತು: ಅಕ್ಕಲಕೋಟೆ ದವಾಖಾನೆಯ ಸರದಿಯಲ್ಲಿ ಕೂತು ಕಲಿತೆ. ಯಾರೂ ನಂಬುತ್ತಿಲ್ಲ. ನಾನೂ ನಂಬಲಿಲ್ಲ.

“ಪೂನಮ, ಒಂದ್ ಹೌದು ಅಂದಿದ್ರ ನಿನ್ನ ಗಂಟೇನ್ ಹೋಗ್ತಿತ್ತು?” ಅಂದಳು ಸೋಮವ್ವ.

ಕಂಡದ್ದು ಹೇಳಿದೆ ಅಂದೆ. ನಿನಗ ಏನ್ ಕಂಡಿತ್ತು ಅಂತ ಕೇಳಿದಳು. ಓಂಕಾರನ ಪ್ರಶ್ನೆ ಕಿವಿಗೆ ಕೇಳಿಸಿತ್ತು. ಯಾರೋ ಹೇಳಿಕೊಟ್ಟದ್ದು... ಅದು ಕಂಡಿರಲಿಲ್ಲ.

ಡಿಸೆಂಬರ್ 18, ಗುರುವಾರ. ಅಕ್ಕಲಕೋಟೆ, ಬಸ್ ಸ್ಟ್ಯಾಂಡ್

ಹನ್ನೂರಿನ ಅಜ್ಜಿಗೆ, ನಮ್ಮ ಆಯಿಗೆ, ಬಿಪಿ ಗುಳಿಗೆ ತರುತ್ತೇನೆ ಅಂತ ಹೇಳಿ ಬಂದೆ. ನಿಜವಾಗಿ ಬಂದದ್ದು ಓಂಕಾರನ ಮಾತು ಖರೆಯೋ ಅಂತ ಪರೀಕ್ಷಿಸಲು. ಗುರುವಾರದ ಗರ್ದಿ, ಸ್ವಾಮಿ ದರ್ಶನದ ಜನ, ಬಸ್ಸಿನಲ್ಲಿ ನಿಂತೇ ಬಂದೆ.

ದವಾಖಾನೆಗೆ ಹೋದರೆ, ಅವನು ಅಲ್ಲಿದ್ದ. ಗುಳಿಗೆ ಕೊಡುವ ಕಿಟಕಿಯ ಪಕ್ಕದ ಬೆಂಚಿನ ಮೇಲೆ, ಮುದುಕಿಯರ ನಡುವೆ. ಮೊದಲು ಬಂದ ಯೋಚನೆ — ನಾಳೆ ವಿಚಾರಣೆ, ಇವತ್ತು ಸಾಕ್ಷಿ ತಯಾರು ಮಾಡುತ್ತಿದ್ದಾನೆ. ಓಢಣಿ ತಲೆ ಮೇಲೆ ಎಳೆದುಕೊಂಡು ಕಂಬದ ಹಿಂದೆ ಕೂತೆ.

ಒಬ್ಬ ಮುದುಕಿ ಗುಳಿಗೆ ತಗೊಂಡು ಬಂದಳು. ಅವನು ಜಾಗ ಕೊಟ್ಟ. ಮೊಮ್ಮಕ್ಕಳ ಮಾತು, ಮೊಣಕಾಲಿನ ಮಾತು. ಆಮೇಲೆ ಅದೇ ಪ್ರಶ್ನೆ. ಅದೇ ಶಬ್ದ, ಅದೇ ಅರ್ಧ.

ಮುದುಕಿ ನಕ್ಕಳು. “ನೆಗೆಣ್ಣಿಗೂ ಕೊಡ್ತೀನಪ್ಪ. ಆಕಿಗೂ ತಲಿ ತಿರಗತೈತಿ. ನಾನೊಬ್ಬಾಕಿ ತಿಂದು ಕುಂಡರಲೇನು?”

ಅವನು ನಗಲಿಲ್ಲ, ಬೈಯಲಿಲ್ಲ. ಓರಗಿತ್ತಿಯನ್ನು ಬರುವ ವಾರ ಕರೆದುಕೊಂಡು ಬಾ ಅವ್ವಾ, ಆಕೆಗೂ ಬೇರೆ ಗುಳಿಗೆ ಸಿಗುತ್ತದೆ ಅಂದ. ಅಷ್ಟೂ ಹೊತ್ತು ಅವಳ ಮುಖವನ್ನೇ ನೋಡುತ್ತಿದ್ದ.

ಅವನು ನೀರು ಕುಡಿಯಲು ಎದ್ದಾಗ ಕಿಟಕಿಗೆ ಹೋಗಿ ಗುಳಿಗೆ ಕೊಡುವ ಬಸಯ್ಯನವರನ್ನು ಕೇಳಿದೆ, ಆ ಹುಡುಗ ಯಾರು ಅಂತ.

“ಸೊಲ್ಲಾಪುರದಾಗ ಡಾಕ್ಟರಕಿ ಕಲಿತಾನವ್ವ. ದೀಪಾವಳಿ ಆದಮ್ಯಾಲ ಗುರುವಾರಕ್ಕೊಮ್ಮೆ ಬರತಾನ. ಯಾವಾಕಿನೋ ಒಬ್ಬಾಕಿ ಪೇಶಂಟ್, ನನ್ನ ಮಾರಿ ನೋಡಲಿಲ್ಲ ಅಂತ ಇವನ್ನ ನಪಾಸ್ ಮಾಡಿದ್ಲಂತ. ಮಾರಿ ನೋಡೂದು ಕಲ್ಯಾಕ ಬಂದೀನ್ರಿ ಅಂತಾನ.”

ಆಯಿಯ ಗುಳಿಗೆ ತಗೊಳ್ಳದೆ ಬಂದುಬಿಟ್ಟಿದ್ದೇನೆ. ಮತ್ತೆ ಹೋಗಬೇಕು. ಸ್ವಲ್ಪ ಹೊತ್ತು ತಡೆದು.

ಕಾರ್ಡ್ ಎಲ್ಲಿಗೆ ಹೋಗುತ್ತದೆ ಅಂತ ಕೇಳಿದ್ದೆನಲ್ಲ. ಇಲ್ಲಿಗೆ ಬಂದಿತ್ತು.

ಡಿಸೆಂಬರ್ 19, ಹತ್ತೂವರೆ. ಕಾಲೇಜು

ಬೆಳಿಗ್ಗೆ ಬೇಗ ಬಂದು ಮೇಡಂಗೆ ಎಲ್ಲ ಹೇಳಿದೆ. ನಿಂತೇ ಹೇಳಿದೆ. ಕೂರು ಅಂದರು, ಕೂರಲಿಲ್ಲ. ಹುಡುಗ ಅಲ್ಲಿಗೆ ಹೋಗುತ್ತಿದ್ದುದು ಅವರಿಗೂ ಗೊತ್ತಿರಲಿಲ್ಲವಂತೆ. ಆದರೆ ತಾವು ಗುಟ್ಟನ್ನು ಯಾರಿಗೂ ಹೇಳಿಲ್ಲ ಎಂಬುದು ಅವರಿಗೆ ಗೊತ್ತಿತ್ತಲ್ಲ. ಆ ದಿನ ಅಷ್ಟಾದರೂ ಯಾಕೆ ಹೇಳಲಿಲ್ಲ, ಕೈ ಎತ್ತಿ ಅವನನ್ನೂ ಯಾಕೆ ತಡೆದಿರಿ ಅಂತ ಕೇಳಿದೆ.

ಮೇಡಂ ಅಂದರು, “ನಿನ್ನ ಮಾತಿನ ಮ್ಯಾಲ ನಾ ಬಾಯಿ ಹಾಕಿದ್ರ, ಪೇಶಂಟ್ ಮಾರ್ಕ್ಸಿಗೆ ಏನ್ ಕಿಮ್ಮತ್ ಉಳೀತು? ನಾಳಿ ಸೋಮವ್ವ ಎಂದಾದ್ರೂ ಒಮ್ಮೆ ಇಲ್ಲ ಅಂದ್ರ, ಅದನ್ನೂ ಯಾರೋ ಅಳಿಸ್ತಾರ.” ಆಮೇಲೆ ಅಂದರು, “ಅವತ್ತ ತಿಳಿದದ್ದು ಹೇಳಿದಿ. ಇವತ್ತ ಕಂಡದ್ದು ಹೇಳು.”

ಹುಡುಗನನ್ನು ತಡೆದದ್ದು ತಮ್ಮ ತಪ್ಪು ಅಂತಲೂ ಅಂದರು. ಅದಕ್ಕೆ ನಾನು ಹೌದು ಅಂದೆ. ನಕ್ಕರು. ಈ ಸಲ ಆ ನಗುವಿನ ಮೇಲೆ ಸಂಶಯ ಬರಲಿಲ್ಲ. ಸ್ವಲ್ಪ ಬಂತು, ಹೋಯಿತು.

ಒಳಗೆ ಡೀನ್ ಸರ್ ಇದ್ದಾರೆ. ಕಮಿಟಿಯ ಹಿರಿಯರು ಲ್ಯಾಪ್‌ಟಾಪ್‌ನಲ್ಲಿ. ನಾನು ಹೇಳುವುದನ್ನು ನಂಬುತ್ತಾರೋ ಇಲ್ಲವೋ. ನಂಬದಿದ್ದರೆ ಬಸಯ್ಯನವರ ನಂಬರ್ ಇಟ್ಟುಕೊಂಡಿದ್ದೇನೆ. ಪ್ರಶಸ್ತಿ ಬರುತ್ತದೋ ಬಿಡುತ್ತದೋ.

ಹೊರಗಿನ ಬೆಂಚಿನ ಮೇಲೆ ನಾವಿಬ್ಬರೇ. ಆ ತುದಿಗೆ ಓಂಕಾರ, ಈ ತುದಿಗೆ ನಾನು. ಎದುರು ಗೋಡೆಯ ಮೇಲೆ ಇಲ್ಲೂ ಒಂದು ಗಡಿಯಾರ. ಅವನು ಅದನ್ನು ನೋಡುತ್ತಿಲ್ಲ. ನನ್ನ ಕಡೆ ನೋಡುತ್ತಿದ್ದಾನೆ, ಗೊತ್ತಾಗುತ್ತದೆ. ಬಂದಾಗಿನಿಂದ ಈ ಡೈರಿಯಲ್ಲಿ ತಲೆ ಹಾಕಿ ಕೂತವಳು ನಾನೇ.

ಬಾಗಿಲು ತೆಗೆದರು. ನನ್ನ ಹೆಸರು ಕರೆದರು. ಅವರಿಗೆ ಆಮೇಲೆ ಹೇಳಿದರಾಯಿತು, ಒಂದು ನಿಮಿಷ ಕಾಯಲಿ. ಮೊದಲು ತಲೆ ಎತ್ತಿ, ಮುಖ ನೋಡಿ, ಇವನಿಗೆ ಹೇಳಬೇಕು —